ಆಫ್ರಿಕಾದ ಚರಿತ್ರೆಗೆ ಸಾಕ್ಷಿಯ ಕೊರತೆಯಿಲ್ಲ

1963ರಲ್ಲಿ ಆಕ್ಸ್‌ಫರ್ಡ್‌ನ ಹೆಸರಾಂತ ಇತಿಹಾಸ ಪ್ರಾಧ್ಯಾಪಕ ಹ್ಯೂ ಟ್ರೆವರ್-ರೋಪರ್ ತಮ್ಮ ಉಪನ್ಯಾಸ ಮಾಲೆಯೊಂದರಲ್ಲಿ ಆಫ್ರಿಕಾದ ಬಗ್ಗೆ ಒಂದು ತೀರ್ಪು ಕೊಟ್ಟರು. ಪಾಠ ಹೇಳುವಷ್ಟು ಆಫ್ರಿಕಾದ ಚರಿತ್ರೆ ಮುಂದೆಂದಾದರೂ ಸಿಕ್ಕೀತು, ಸದ್ಯಕ್ಕೆ ಅಲ್ಲಿರುವುದು ಯುರೋಪಿನವರ ಚರಿತ್ರೆ ಮಾತ್ರ, ಉಳಿದದ್ದೆಲ್ಲ ಕತ್ತಲೆ ಎಂಬುದು ಅವರ ಮಾತಿನ ಸಾರ. ಅದೇ ವರ್ಷದ ಮೇ ತಿಂಗಳಲ್ಲಿ ಅಡಿಸ್ ಅಬಾಬದಲ್ಲಿ 32 ಸ್ವತಂತ್ರ ದೇಶಗಳು ಸೇರಿ ಆಫ್ರಿಕಾ ಏಕತಾ ಸಂಘಟನೆಯನ್ನು ಕಟ್ಟಿದ್ದವು. ಟ್ರೆವರ್-ರೋಪರ್ ಮಾತು ಹೊಸದೇನೂ ಆಗಿರಲಿಲ್ಲ. 19ನೇ ಶತಮಾನದ ಆರಂಭದಲ್ಲೇ ಜರ್ಮನಿಯ ತತ್ವಜ್ಞಾನಿ ಹೆಗೆಲ್, ಲೋಕದ ಚರಿತ್ರೆಯಲ್ಲಿ ಆಫ್ರಿಕಾಕ್ಕೆ ಜಾಗವೇ ಇಲ್ಲ ಎಂದು ಬೋಧಿಸಿದ್ದರು. ಈ ಮಾತುಗಳನ್ನು ಇಂದು ಯಾವ ವಿದ್ವಾಂಸರೂ ಗಟ್ಟಿಯಾಗಿ ಹೇಳುವುದಿಲ್ಲ. ಆದರೂ ಅವುಗಳ ನೆರಳು ಹೋಗಿಲ್ಲ. ನಮ್ಮಲ್ಲಿ ಬಹುಮಂದಿಗೆ ಆಫ್ರಿಕಾ ಎಂದರೆ ಈಜಿಪ್ಟಿನ ಪಿರಮಿಡ್ಡು, ಸಫಾರಿ, ಬರಗಾಲ, ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ಊರು, ಕೊನೆಗೆ ಮಂಡೇಲಾ. ನಡುವಿನ ಸಾವಿರಾರು ವರ್ಷ ಖಾಲಿ. ಆ ಖಾಲಿತನಕ್ಕೆ ಸಾಕ್ಷ್ಯದ ಅಭಾವ ಕಾರಣ ಎಂದು ನಂಬಿಕೊಂಡು ಬಂದಿದ್ದೇವೆ. ನಿಜ ಬೇರೆಯೇ ಇದೆ. ಸಾಕ್ಷ್ಯ ಧಾರಾಳವಾಗಿತ್ತು, ಅದನ್ನು ಚೂರುಚೂರು ಮಾಡಿ ಹಂಚಿಹಾಕಲಾಯಿತು. ವಸ್ತು ದೂರದ ವಸ್ತುಸಂಗ್ರಹಾಲಯ ಸೇರಿತು, ಅದರ ಕಥೆ ಊರಿನಲ್ಲೇ ಉಳಿಯಿತು, ಅದರ ಹಿಂದೆ ಇದ್ದ ಮನುಷ್ಯರ ಹೆಸರು ಎರಡೂ ಕಡೆ ಸಲ್ಲದೆ ಹೋಯಿತು. ಮೂರನ್ನೂ ಮತ್ತೆ ಒಂದೆಡೆ ತಂದು ಓದಿದಾಗಲೆಲ್ಲ ಅಲ್ಲಿ ಚರಿತ್ರೆ ಕಂಡಿದೆ.

ಇದಕ್ಕೆ ಗ್ರೇಟ್ ಜಿಂಬಾಬ್ವೆಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಇಂದಿನ ಜಿಂಬಾಬ್ವೆ ದೇಶದ ದಕ್ಷಿಣ ಭಾಗದಲ್ಲಿ, ಸುಮಾರು 11ರಿಂದ 15ನೇ ಶತಮಾನದ ನಡುವೆ ಶೋನಾ ಜನರ ಪೂರ್ವಿಕರು ಕಟ್ಟಿದ ನಗರ ಅದು. ಅಲ್ಲಿನ ದೊಡ್ಡ ಆವರಣದ ಹೊರಗೋಡೆ ಸುಮಾರು 250 ಮೀಟರ್ ಉದ್ದ, ಕೆಲವೆಡೆ 11 ಮೀಟರ್ ಎತ್ತರ. ಗಾರೆಯಿಲ್ಲ, ಸುಣ್ಣವಿಲ್ಲ, ಹೊಂದಿಸಿ ಒಡೆದ ಗ್ರಾನೈಟ್ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಗೋಡೆ ಇಂದಿಗೂ ನಿಂತಿದೆ. 1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಅನ್ವೇಷಕ ಅಲ್ಲಿಗೆ ಹೋದಾಗ ಬಾಗಿಲಿನ ಮೇಲ್ದೊಲೆಯಿಂದ ಒಂದು ಚಕ್ಕೆ ಕಿತ್ತು ನೋಡಿದ. ಅದು ತನ್ನ ಪೆನ್ಸಿಲ್ಲಿನ ಮರದ ಹಾಗೇ ಇದೆ ಅನ್ನಿಸಿತು. ಪೆನ್ಸಿಲ್ಲಿನದು ದೇವದಾರು, ಹಾಗಾದರೆ ಇದೂ ಲೆಬನಾನಿನ ದೇವದಾರು, ಹಾಗಾದರೆ ಕಟ್ಟಿಸಿದವಳು ಬೈಬಲ್ಲಿನ ಶೀಬಾ ರಾಣಿ ಎಂದು ತೀರ್ಮಾನಿಸಿದ. ಅದು ಆ ಸೀಮೆಯದೇ ಮರವಾಗಿತ್ತು. ಆದರೆ ಆ ನೆಲದ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್‌ಗೆ ಇಂಥದೊಂದು ಕಥೆ ಬೇಕಾಗಿತ್ತು. ಹಿಂದೆ ಹೊರಗಿನ ಬಿಳಿಯರು ಆಳಿದ ನಾಡು ಎಂದಾದರೆ ಈಗ ಬಂದವರು ತಮ್ಮದನ್ನೇ ಮರಳಿ ಪಡೆಯುತ್ತಿದ್ದಾರೆ ಎಂದು ಹೇಳಿಕೊಳ್ಳಬಹುದಿತ್ತು. 1902ರಿಂದ ಎರಡು ವರ್ಷ ಅಲ್ಲಿ ಕೆಲಸ ಮಾಡಿದ ರಿಚರ್ಡ್ ಹಾಲ್ ಎಂಬ ಪತ್ರಕರ್ತ, ಆಫ್ರಿಕನ್ನರು ವಾಸವಿದ್ದ ಪದರವನ್ನು ಕಸವೆಂದು ಭಾವಿಸಿ ಅಡಿಗಟ್ಟಲೆ ಮಣ್ಣನ್ನು ತೆಗೆಸಿ ಹೊರಗೆ ಹಾಕಿಸಿದ. ಕಟ್ಟಿದವರು ಯಾರೆಂದು ಹೇಳಬಹುದಾಗಿದ್ದ ಒಲೆ, ಮಡಕೆ, ಮನೆಯ ನೆಲ ಎಲ್ಲವೂ ಆ ಮಣ್ಣಿನಲ್ಲೇ ಇದ್ದವು. ಚರಿತ್ರೆ ಇಲ್ಲ ಎಂಬ ನಂಬಿಕೆ ಹೇಗೆ ಕೈಯಾರೆ ಚರಿತ್ರೆಯನ್ನು ಇಲ್ಲವಾಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ತಿಳಿದಿಲ್ಲ.

ಆದರೂ ಉಳಿದದ್ದೇ ಸಾಕಾಯಿತು. 1905ರಲ್ಲಿ ಡೇವಿಡ್ ರಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಕ್ರಮಬದ್ಧವಾಗಿ ಅಗೆದು, ಇದು ಆಫ್ರಿಕನ್ನರೇ ಕಟ್ಟಿದ ಮಧ್ಯಯುಗದ ನಗರ ಎಂದು ತೋರಿಸಿಕೊಟ್ಟರು. ಕೇಟನ್-ಥಾಂಪ್ಸನ್ ಅವರ ತಂಡದಲ್ಲಿದ್ದವರೆಲ್ಲ ಹೆಂಗಸರೇ. ಹಾಗಿದ್ದೂ ಆಗ ರೊಡೇಷಿಯಾ ಎನಿಸಿಕೊಂಡಿದ್ದ ಆ ದೇಶದ ಬಿಳಿಯರ ಸರ್ಕಾರ ಈ ತೀರ್ಮಾನವನ್ನು ಒಪ್ಪಲಿಲ್ಲ. ಸ್ಮಾರಕಗಳ ಇಲಾಖೆಯಲ್ಲಿದ್ದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ ಇಂಥ ಒತ್ತಡದಿಂದಾಗಿಯೇ 1970ರಲ್ಲಿ ದೇಶ ಬಿಟ್ಟರು. ಅಲ್ಲಿ ಸಿಕ್ಕ ವಸ್ತುಗಳು ಮಾತ್ರ ತಮ್ಮ ಸಾಕ್ಷ್ಯ ನುಡಿಯುತ್ತಲೇ ಇದ್ದವು. ಚೀನಾದ ಹಸಿರು ಪಿಂಗಾಣಿ, ಪರ್ಷಿಯಾದ ಬಟ್ಟಲಿನ ಚೂರು, ಪೂರ್ವ ಕರಾವಳಿಯ ಕಿಲ್ವಾ ಪಟ್ಟಣದಲ್ಲಿ 14ನೇ ಶತಮಾನದಲ್ಲಿ ಟಂಕಿಸಿದ ನಾಣ್ಯ, ಭಾರತದಿಂದ ಹೋದ ಗಾಜಿನ ಮಣಿಗಳು: ಇವೆಲ್ಲ ಸಮುದ್ರದಿಂದ ನೂರಾರು ಮೈಲಿ ಒಳಗಿದ್ದ ಆ ಊರನ್ನು ತಲುಪಿದ್ದವು. ಚಿನ್ನ, ದಂತ ಹೊರಗೆ ಹೋಗುತ್ತಿದ್ದವು, ಮಣಿ, ಬಟ್ಟೆ ಒಳಗೆ ಬರುತ್ತಿದ್ದವು. ಅಲ್ಲಿಯೇ ಮೆದುಗಲ್ಲಿನಲ್ಲಿ ಕೆತ್ತಿದ ಹಕ್ಕಿಗಳೂ ಸಿಕ್ಕವು. ಕಂಬದ ತುದಿಯಲ್ಲಿ ಕೂತ ಆ ಹಕ್ಕಿಗಳನ್ನು ಹತ್ತಿರದಿಂದ ನೋಡಿದರೆ ಉಗುರಿನ ಪಾದದ ಬದಲು ಮನುಷ್ಯರ ಹಾಗೆ ಬೆರಳುಗಳಿವೆ, ಒಂದಕ್ಕೆ ಕೊಕ್ಕಿನ ಜಾಗದಲ್ಲಿ ತುಟಿಗಳಿವೆ. ಹಕ್ಕಿಗಳು ಹಿರಿಯರ ಆತ್ಮಗಳ ಮಾತನ್ನು ಬದುಕಿರುವವರಿಗೆ ತಲುಪಿಸುತ್ತವೆ ಎಂಬ ಶೋನಾ ನಂಬಿಕೆ ಗೊತ್ತಿಲ್ಲದವನಿಗೆ ಇದು ಬರೀ ವಿಚಿತ್ರ ಶಿಲ್ಪ. ಗೊತ್ತಿದ್ದವನಿಗೆ ಸತ್ತ ಅರಸ ಮತ್ತು ದೂತ ಇಬ್ಬರೂ ಒಂದೇ ಕಲ್ಲಿನಲ್ಲಿ ಕಾಣುತ್ತಾರೆ. ಹಲವು ಹಕ್ಕಿಗಳು ದಕ್ಷಿಣ ಆಫ್ರಿಕಾ ಸೇರಿದ್ದವು. 1980ರಲ್ಲಿ ದೇಶ ಸ್ವತಂತ್ರವಾಗಿ ಆ ಹಾಳುನಗರದ ಹೆಸರನ್ನೇ ತನಗಿಟ್ಟುಕೊಂಡಿತು. ಮರುವರ್ಷ ಕೆಲವು ಹಕ್ಕಿಗಳು ಮರಳಿ ಬಂದವು. ಅವುಗಳಿಗೆ ಬದಲಾಗಿ ಜಿಂಬಾಬ್ವೆ ತನ್ನ ವಸ್ತುಸಂಗ್ರಹಾಲಯದ ಜೇನುನೊಣ, ಕಣಜಗಳ ಅಮೂಲ್ಯ ಸಂಗ್ರಹವನ್ನು ಬಿಟ್ಟುಕೊಡಬೇಕಾಯಿತು. ಇಂದು ಆ ಹಕ್ಕಿ ಆ ದೇಶದ ಬಾವುಟದಲ್ಲಿದೆ.

ಬೆನಿನ್‌ನಲ್ಲಿ ಇದೇ ಕತೆ ಇನ್ನೊಂದು ರೀತಿಯಲ್ಲಿ ನಡೆಯಿತು. ಇಂದಿನ ನೈಜೀರಿಯಾದ ದಕ್ಷಿಣದಲ್ಲಿದ್ದ ಈ ರಾಜ್ಯದ ಅರಮನೆಯ ಕಂಬಗಳಿಗೆ ಯುದ್ಧ, ಉತ್ಸವ, ಅಧಿಕಾರಿಗಳ ಚಿತ್ರವಿರುವ ಹಿತ್ತಾಳೆಯ ಫಲಕಗಳನ್ನು ಹೊದಿಸಲಾಗಿತ್ತು ಎಂದು ಡಚ್ ಲೇಖಕ ಓಲ್ಫರ್ಟ್ ಡಾಪರ್ 1668ರಲ್ಲೇ ಬರೆದಿದ್ದ. ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುವ ವಿದ್ಯೆಯನ್ನು ಅಲ್ಲಿನ ಎರಕದವರ ಕೇರಿ ತಲೆತಲಾಂತರದಿಂದ ಕಾಪಾಡಿಕೊಂಡಿತ್ತು, ಈಗಲೂ ಕಾಪಾಡಿಕೊಂಡಿದೆ. 1897ರ ಜನವರಿಯಲ್ಲಿ ಬ್ರಿಟಿಷ್ ಅಧಿಕಾರಿ ಜೇಮ್ಸ್ ಫಿಲಿಪ್ಸ್ ಬೇಡವೆಂದರೂ ಕೇಳದೆ ಬೆನಿನ್ ಕಡೆಗೆ ಹೊರಟು ದಾರಿಯಲ್ಲಿ ಹತನಾದ. ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ನಗರವನ್ನು ಹಿಡಿಯಿತು. ಅರಮನೆ ಸುಟ್ಟುಹೋಯಿತು, ಓಬಾ ಎಂದು ಕರೆಸಿಕೊಳ್ಳುತ್ತಿದ್ದ ಅರಸ ಒವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಲಾಯಿತು, ಸಾವಿರಾರು ವಸ್ತುಗಳು ಲೂಟಿಯಾಗಿ ಯುರೋಪಿನ ಹರಾಜುಕಟ್ಟೆಗಳಿಗೆ ಹೋದವು. ಅವನ್ನು ಒಂದು ಪಟ್ಟಿಗೆ ತರಲು ಈಚೆಗೆ ನಡೆದ ಡಿಜಿಟಲ್ ಬೆನಿನ್ ಯೋಜನೆ 20 ದೇಶಗಳ 131 ಸಂಸ್ಥೆಗಳಲ್ಲಿ 5,000ಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿತು. ಒಂದು ಅರಮನೆಯ ದಾಖಲೆಖಾನೆ 131 ಕಡೆ ಹರಿದುಹೋದ ಮೇಲೆ ಅದನ್ನು ಯಾರು, ಯಾವ ಅನುಕ್ರಮದಲ್ಲಿ ಓದಬೇಕು?

ಆ ಲೂಟಿಯಲ್ಲಿ ಹೋದ ಒಂದು ವಸ್ತುವನ್ನು ಮಾತ್ರ ಇಲ್ಲಿ ನಿಧಾನವಾಗಿ ನೋಡೋಣ. ಅದು ಗೇಣಿಗಿಂತ ತುಸು ಎತ್ತರದ ದಂತದ ಮುಖ. ಓಬಾ ಉತ್ಸವದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಆಭರಣ. ಕೆಳಗೆ ನೆಟ್ಟ ನೋಟ, ಬಿಗಿದ ತುಟಿ, ಹಣೆಯ ಮೇಲೆ ಎರಡು ಉದ್ದನೆಯ ಗುರುತುಗಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಈ ಮುಖದ ಕಿರೀಟದಲ್ಲಿ ಸಾಲಾಗಿ ಸಣ್ಣ ಸಣ್ಣ ತಲೆಗಳಿವೆ. ಗಡ್ಡ, ಟೋಪಿ ನೋಡಿದರೆ ಪೋರ್ಚುಗೀಸರು ಎಂದು ತಿಳಿಯುತ್ತದೆ. ಅವರ ನಡುನಡುವೆ ಕೆಸರುಮೀನು. ನೀರಿನಲ್ಲೂ ನೆಲದಲ್ಲೂ ಬದುಕಬಲ್ಲ ಆ ಮೀನು ಬೆನಿನ್‌ನಲ್ಲಿ ಅರಸೊತ್ತಿಗೆಯ ಸಂಕೇತ. ಕಡಲಾಚೆಯಿಂದ ನೆಲಕ್ಕೆ ಬಂದ ಪೋರ್ಚುಗೀಸರನ್ನು ಶಿಲ್ಪಿ ಅದರ ಜೊತೆಗೇ ಇರಿಸಿದ್ದಾನೆ. ಇದು ಇಡಿಯಾ ಎಂಬ ರಾಜಮಾತೆಯ ಮುಖ ಎಂದು ಅರಮನೆಯ ಪರಂಪರೆ ಹೇಳುತ್ತದೆ. 16ನೇ ಶತಮಾನದ ಆರಂಭದಲ್ಲಿ ಮಗ ಎಸಿಗಿಗೆ ಸಿಂಹಾಸನ ಸಿಗುವಂತೆ ಮಾಡಿದವಳು, ನೆರೆಯ ಇಗಾಲರ ಮೇಲಿನ ಯುದ್ಧಕ್ಕೆ ಸೈನ್ಯ ಕೂಡಿಸಿದವಳು ಆಕೆ. ರಾಜಮಾತೆ ಎಂಬ ಅಧಿಕೃತ ಪದವಿಯೇ ಆಕೆಗಾಗಿ ಹುಟ್ಟಿತು. ವಸ್ತುವನ್ನಷ್ಟೇ ನೋಡಿದರೆ ಸೊಗಸಾದ ಕೆತ್ತನೆ, ಕಥೆಯನ್ನಷ್ಟೇ ಕೇಳಿದರೆ ಐತಿಹ್ಯ. ಎರಡನ್ನೂ ಕೂಡಿಸಿದಾಗ ಒಬ್ಬ ಹೆಂಗಸಿನ ರಾಜಕೀಯ ಬದುಕು ಕಾಣುತ್ತದೆ, ಜೊತೆಗೆ ಯುರೋಪಿನವರನ್ನು ಬೆನಿನ್ ಆಗ ಯಾವ ದೃಷ್ಟಿಯಿಂದ ನೋಡಿತ್ತು ಎಂಬುದೂ ಕಾಣುತ್ತದೆ. ರಾಜಮಾತೆಯ ಮುಡಿಗೆ ಅವರು ಅಲಂಕಾರ.

ಬಾಯಿಮಾತಿನ ಕಥೆಯನ್ನು ಚರಿತ್ರೆ ಎಂದು ಹೇಗೆ ನಂಬುವುದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದು ಗಂಭೀರ ಆಕ್ಷೇಪ, ತಳ್ಳಿಹಾಕುವಂಥದಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಮಾತು ಬದಲಾಗುತ್ತದೆ, ಅಧಿಕಾರದಲ್ಲಿದ್ದವರಿಗೆ ಬೇಕಾದಂತೆ ವಂಶಾವಳಿಗಳು ತಿದ್ದುಪಡಿಯಾಗುತ್ತವೆ. ಆದರೆ ಆಫ್ರಿಕಾದ ಹಲವು ಸಮಾಜಗಳು ನೆನಪನ್ನು ಅದರ ಪಾಡಿಗೆ ಬಿಟ್ಟಿರಲಿಲ್ಲ. ಅದಕ್ಕೆ ತರಬೇತಿ, ಕಟ್ಟುಪಾಡು, ಸಲಕರಣೆ ಎಲ್ಲ ಇದ್ದವು. ಕಾಂಗೋದ ಆಗ್ನೇಯ ಭಾಗದ ಲುಬಾ ಜನರ ಲುಕಾಸಾವನ್ನೇ ನೋಡಿ. ಅಂಗೈಯಲ್ಲಿ ಹಿಡಿಯಬಹುದಾದ, ನಡು ಸಣ್ಣಗಿರುವ ಮರದ ಹಲಗೆ. ಅದರ ಮೇಲೆ ಬಗೆಬಗೆ ಬಣ್ಣದ, ಗಾತ್ರದ ಮಣಿಗಳನ್ನು, ಕೆಲವೊಮ್ಮೆ ಚಿಪ್ಪುಗಳನ್ನು ಕೂರಿಸಿರುತ್ತಾರೆ. ದೊಡ್ಡ ಮಣಿಯೊಂದರ ಸುತ್ತ ಸಣ್ಣ ಮಣಿಗಳಿದ್ದರೆ ಅದು ಪರಿವಾರ ಸಮೇತ ಇರುವ ಅರಸ. ಸಾಲಾಗಿ ಹೋದ ಮಣಿಗಳು ವಲಸೆಯ ದಾರಿ. ಬುಡ್ಯೆ ಎಂಬ ಸಂಘಕ್ಕೆ ಸೇರಿ ವರ್ಷಗಟ್ಟಲೆ ಕಲಿತ ನೆನಪುಗಾರ ಹಲಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳನ್ನು ಮಣಿಗಳ ಮೇಲೆ ಆಡಿಸುತ್ತ, ರಾಜ್ಯ ಹುಟ್ಟಿದ ಬಗೆ, ಪೂರ್ವಿಕರ ಊರುಗಳು, ಅರಮನೆಯ ರೀತಿನೀತಿಗಳನ್ನು ಹೇಳುತ್ತಾನೆ. ಸಂದರ್ಭ ನೋಡಿ ಹೇಳಿಕೆ ಬದಲಾಗುತ್ತದೆ ಎಂಬುದು ನಿಜ. ಬದಲಾಗದಂತೆ ಕೈ ಹಿಡಿಯುವ ಹಲಗೆ ಇದೆ ಎಂಬುದೂ ಅಷ್ಟೇ ನಿಜ. ಇಂಥ ಸಮಾಜಕ್ಕೆ ದಾಖಲೆಯಿಲ್ಲ ಎಂದವರು ಕಾಗದವನ್ನಷ್ಟೇ ಹುಡುಕಿದ್ದರು.

ಪರೀಕ್ಷಿಸಿ ನೋಡಿದಾಗ ಬಾಯಿಮಾತು ಗೆದ್ದ ಪ್ರಸಂಗಗಳೂ ಇವೆ. 20ನೇ ಶತಮಾನದ ಮೊದಲ ದಶಕದಲ್ಲಿ ಎಮಿಲ್ ಟೋರ್ಡೆ ಎಂಬ ಹಂಗೆರಿಯ ಸಂಶೋಧಕ ಕಾಂಗೋದ ಕುಬಾ ರಾಜ್ಯದ ಹಿರಿಯರಿಂದ ಅರಸರ ಪಟ್ಟಿ ಬರೆದುಕೊಳ್ಳುತ್ತಿದ್ದ. ಒಬ್ಬ ಅರಸನ ಬಗ್ಗೆ ಹೇಳುವಂಥದೇನೂ ಇಲ್ಲ, ಆದರೆ ಅವನ ಕಾಲದಲ್ಲಿ ಒಂದು ದಿನ ನಡುಹಗಲಲ್ಲಿ ಸೂರ್ಯ ಆರಿಹೋಗಿದ್ದ ಎಂದರು ಅವರು. ಖಗೋಳ ಲೆಕ್ಕ ಹಾಕಿ ನೋಡಿದರೆ ಆ ಸೀಮೆಯಲ್ಲಿ 1680ರ ಮಾರ್ಚ್ 30ರಂದು ಪೂರ್ಣ ಸೂರ್ಯಗ್ರಹಣ ಆಗಿತ್ತು. ಎರಡೂಕಾಲು ಶತಮಾನದ ಹಿಂದಿನ ಒಂದು ಮಧ್ಯಾಹ್ನವನ್ನು ಯಾವ ಬರಹದ ನೆರವೂ ಇಲ್ಲದೆ ಸರಿಯಾದ ಅರಸನ ಹೆಸರಿಗೆ ಅಂಟಿಸಿ ಇಟ್ಟುಕೊಂಡಿದ್ದರು. ಪಶ್ಚಿಮ ಆಫ್ರಿಕಾದ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾಟಾನ ಕಥೆಯೂ ಹಾಗೆಯೇ. ನಡೆಯಲಾಗದ ಹುಡುಗ ಎದ್ದು ನಿಂತದ್ದು, ದೇಶಾಂತರ ಹೋದದ್ದು, ಸೊಸ್ಸೊ ಅರಸ ಸುಮಾಂಗುರುವನ್ನು 1235ರ ಸುಮಾರಿಗೆ ಕಿರಿನಾದಲ್ಲಿ ಸೋಲಿಸಿದ್ದು, ಇದನ್ನೆಲ್ಲ ಜೆಲಿ ಎಂಬ ಗಾಯಕ ಮನೆತನಗಳು ಹಾಡುತ್ತ ಬಂದಿವೆ. ಕೈರೋದಲ್ಲಿದ್ದ ಚರಿತ್ರೆಕಾರ ಇಬ್ನ್ ಖಾಲ್ದೂನ್ 14ನೇ ಶತಮಾನದ ಕೊನೆಯಲ್ಲಿ ಬರೆದ ಮಾಲಿ ಅರಸರ ಪಟ್ಟಿಯಲ್ಲಿ, ಸೊಸ್ಸೊಗಳನ್ನು ಗೆದ್ದ ಮಾರಿ ಜಾಟಾ, ಅಂದರೆ ಸುಂಜಾಟಾ, ಇದ್ದಾನೆ. 1352ರಲ್ಲಿ ಮಾಲಿಗೆ ಹೋದ ಪ್ರವಾಸಿ ಇಬ್ನ್ ಬತೂತ, ಹಕ್ಕಿಯ ವೇಷ ತೊಟ್ಟ ಕವಿಗಳು ಅರಸನೆದುರು ಹಿಂದಿನ ಅರಸರ ಕಾರ್ಯಗಳನ್ನು ಹಾಡಿ ನೆನಪಿಸುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸುಮಾಂಗುರುವಿನದೇ ಎಂದು ನಂಬಲಾದ ಮರದ ಪಟ್ಟಿಗಳ ವಾದ್ಯ, ಸೊಸ್ಸೊ-ಬಾಲಾ, ಇಂದಿಗೂ ಗಿನಿ ದೇಶದ ನ್ಯಾಗಸ್ಸೋಲಾ ಊರಿನಲ್ಲಿ ಕುಯಾಟೆ ಮನೆತನದ ಕಾವಲಿನಲ್ಲಿದೆ.

ಹಾಗೆಂದು ಹಾಡಿದ್ದೆಲ್ಲ ನಿಜ ಎಂದು ಒಪ್ಪಬೇಕಿಲ್ಲ. ಮಾಂತ್ರಿಕ ಬಾಣ, ಎಮ್ಮೆಯಾಗುವ ಹೆಂಗಸು ಮುಂತಾದವನ್ನು ಚರಿತ್ರೆಕಾರ ಬೇರೆಯಾಗಿಯೇ ಇಡುತ್ತಾನೆ. ಕುತೂಹಲದ ಸಂಗತಿಯೆಂದರೆ, 1324ರಲ್ಲಿ ಮೆಕ್ಕಾ ಯಾತ್ರೆಯ ದಾರಿಯಲ್ಲಿ ಕೈರೋದಲ್ಲಿ ಚಿನ್ನ ಚೆಲ್ಲಿ ಜಗತ್ತಿಗೇ ಹೆಸರಾದ ಮಾಲಿಯ ಅರಸ ಮನ್ಸಾ ಮೂಸಾ, ಬರಹದ ದಾಖಲೆಗಳಲ್ಲಿ ಎಷ್ಟು ದೊಡ್ಡವನೋ ಜೆಲಿಗಳ ಹಾಡಿನಲ್ಲಿ ಅಷ್ಟು ಚಿಕ್ಕವನು. ಬರಹ ಮೆಚ್ಚಿದ್ದನ್ನು ಹಾಡು ಬಿಟ್ಟಿದೆ, ಹಾಡು ಕಾಪಾಡಿದ್ದನ್ನು ಬರಹ ಒಂದು ಸಾಲಿನಲ್ಲಿ ಮುಗಿಸಿದೆ. ಬಾಯಿಮಾತಿಗೆ ಚರಿತ್ರೆಯ ವಿಧಾನವೊಂದನ್ನು ರೂಪಿಸಿ 1961ರಲ್ಲಿ ಪುಸ್ತಕ ಬರೆದ ಬೆಲ್ಜಿಯಂ ಮೂಲದ ಯಾನ್ ವ್ಯಾನ್ಸಿನಾ, ಟೀಕೆಗಳನ್ನು ಕೇಳಿಸಿಕೊಂಡು 1985ರಲ್ಲಿ ಅದನ್ನು ಹೆಚ್ಚು ಎಚ್ಚರದಿಂದ ಮತ್ತೆ ಬರೆದರು. ಈ ಎಚ್ಚರ ಬರಹಕ್ಕೂ ಸಲ್ಲಬೇಕು. ಮೌಖ್‌ನ ದೇವದಾರಿನ ಕಥೆಯೂ ಬರಹದಲ್ಲೇ ಇತ್ತಲ್ಲವೇ?

ಆಫ್ರಿಕಾದಲ್ಲಿ ಬರಹವೇ ಇರಲಿಲ್ಲ ಎಂಬುದಂತೂ ಶುದ್ಧ ತಪ್ಪು. ಇಂದಿನ ಮಾಲಿ ದೇಶದ ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ (1556–1627) ಮೊರಾಕ್ಕೊ ಸೈನಿಕರ ಕೈಗೆ ಸೆರೆಸಿಕ್ಕಾಗ 1,600 ಪುಸ್ತಕಗಳನ್ನು ಕಳೆದುಕೊಂಡೆ ಎಂದು ದುಃಖಿಸಿದ್ದ. ಬಂಧುಬಳಗದಲ್ಲಿ ತನ್ನದೇ ಅತಿ ಚಿಕ್ಕ ಗ್ರಂಥಭಂಡಾರ ಎಂದೂ ಸೇರಿಸಿದ್ದ. ಇಥಿಯೋಪಿಯಾದ ವಲತ್ತಾ ಪೆಟ್ರೋಸ್ (1592–1642) ಎಂಬ ಸಂನ್ಯಾಸಿನಿಯ ಜೀವನ ಚರಿತ್ರೆಯನ್ನು ಗಲಾವ್ದೇವೋಸ್ ಎಂಬ ಸಂನ್ಯಾಸಿ 1672ರಲ್ಲಿ ಗೀಝ್ ಭಾಷೆಯಲ್ಲಿ ಬರೆದ. ಆಕೆ ಅರಮನೆಯ ದೊಡ್ಡ ಅಧಿಕಾರಿಯ ಹೆಂಡತಿ. ಅರಸ ಸುಸೆನ್ಯೋಸ್ ಜೆಸುಯಿಟ್ ಪಾದ್ರಿಗಳ ಮಾತು ಕೇಳಿ ಕ್ಯಾಥೊಲಿಕ್ ಮತಕ್ಕೆ ಸೇರಿದಾಗ, ಗಂಡ ಅರಸನ ಪರ ನಿಂತಾಗ, ಆಕೆ ಮನೆ ಬಿಟ್ಟು ಹೊರಟಳು. ಗಡೀಪಾರಾದಳು, ಬೆದರಿಕೆಗೆ ಜಗ್ಗಲಿಲ್ಲ, ತಾನಾ ಸರೋವರದ ಸುತ್ತಮುತ್ತ ತನ್ನನ್ನು ನಂಬಿ ಬಂದವರ ಸಮುದಾಯಗಳನ್ನು ಕಟ್ಟಿದಳು. 1632ರಲ್ಲಿ ಅರಸನೇ ಸೋತು ಜನರ ಹಳೆಯ ಧರ್ಮವನ್ನು ಮರಳಿ ಒಪ್ಪಬೇಕಾಯಿತು. ಆಕೆ ತೀರಿಹೋದ 30 ವರ್ಷದ ಮೇಲೆ ಬಂದ ಈ ಪುಸ್ತಕ, ಆಕೆಯನ್ನು ಬಲ್ಲವರ ಬಾಯಿಂದ ಕೇಳಿ ಬರೆದದ್ದು. ಸಂತರ ಕಥೆಯಾದ್ದರಿಂದ ಪವಾಡಗಳು ತುಂಬಿವೆ. ಆದರೆ ಜಗಳ, ಕಾಯಿಲೆ, ಸಿಟ್ಟು, ಗೆಳತಿಯ ಮೇಲಿನ ಪ್ರೀತಿಯೂ ಇವೆ. ಅಮೆರಿಕದಲ್ಲಿ ಇದರ ಇಂಗ್ಲಿಷ್ ಅನುವಾದ ಬಂದದ್ದು 2015ರಲ್ಲಿ. ಅಲ್ಲಿಯತನಕ ಇಥಿಯೋಪಿಯಾದ ಮಠಗಳಿಗೆ ಗೊತ್ತಿದ್ದದ್ದು ಹೊರಗಿನ ಲೋಕಕ್ಕೆ ಬಹುಮಟ್ಟಿಗೆ ಗೊತ್ತಿರಲಿಲ್ಲ.

ಇದೇ ಇಥಿಯೋಪಿಯಾದಿಂದ ಹೊರಟ ಇನ್ನೊಂದು ಬದುಕು ನಮ್ಮ ನೆಲದವರೆಗೂ ಬಂದಿದೆ. ಸುಮಾರು 1548ರಲ್ಲಿ ಹುಟ್ಟಿದ ಚಾಪು ಎಂಬ ಹುಡುಗನನ್ನು ಗುಲಾಮನಾಗಿ ಮಾರಲಾಯಿತು. ಅರೇಬಿಯಾ, ಬಾಗ್ದಾದ್ ದಾಟಿ, ಓದುಬರಹ ಕಲಿತು, ಅಂಬರ್ ಎಂಬ ಹೊಸ ಹೆಸರು ಹೊತ್ತು ಅವನು ದಖನ್‌ಗೆ ಬಂದ. ಅವನನ್ನು ಕೊಂಡ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಕೂಡ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಶಿಯೇ, ಅಂದರೆ ಆಫ್ರಿಕಾ ಮೂಲದವನೇ. ಒಡೆಯ ತೀರಿದ ಮೇಲೆ ಬಿಡುಗಡೆಯಾದ ಅಂಬರ್ ಕೆಲಕಾಲ ಬಿಜಾಪುರದ ಸೇವೆಯಲ್ಲೂ ಇದ್ದು, ತನ್ನದೇ ಕುದುರೆ ದಂಡು ಕಟ್ಟಿ, ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡ. 1626ರಲ್ಲಿ ಸಾಯುವತನಕ ಮೊಘಲರನ್ನು ದಖನ್‌ನಲ್ಲಿ ತಡೆದು ನಿಲ್ಲಿಸಿದ್ದ ಮಲಿಕ್ ಅಂಬರ್ ಇವನೇ. ಮುಂದೆ ಔರಂಗಾಬಾದ್ ಆದ ಖಡಕಿ ಊರನ್ನು ಕಟ್ಟಿದವನೂ ಇವನೇ. ಜಹಾಂಗೀರನ ಆಸ್ಥಾನದ ಕಲಾವಿದ ಅಬುಲ್ ಹಸನ್, ಗೂಟಕ್ಕೆ ಸಿಕ್ಕಿಸಿದ ಅಂಬರನ ತಲೆಗೆ ಚಕ್ರವರ್ತಿ ಬಾಣ ಬಿಡುತ್ತಿರುವ ಚಿತ್ರ ಬರೆದಿದ್ದಾನೆ, ಅದು ಡಬ್ಲಿನ್‌ನಲ್ಲಿದೆ. ಆ ತಲೆ ಜಹಾಂಗೀರನಿಗೆ ಎಂದೂ ಸಿಗಲಿಲ್ಲ. ಹೀಗಾಗಿ ಆ ಚಿತ್ರ ನಡೆದ ಘಟನೆಗೆ ಸಾಕ್ಷಿಯಾಗದಿದ್ದರೂ ಜಹಾಂಗೀರನಿಗಿದ್ದ ಭಯಕ್ಕೆ ಸಾಕ್ಷಿ. ಬಿಜಾಪುರದಲ್ಲೂ ಎರಡನೇ ಇಬ್ರಾಹಿಂ ಆದಿಲ್ ಶಾಹ ಚಿಕ್ಕವನಿದ್ದಾಗ ದಿಲಾವರ್ ಖಾನ್ ಎಂಬ ಹಬ್ಶಿ ಎಂಟು ವರ್ಷ ರಾಜ್ಯದ ಮೇಲ್ವಿಚಾರಣೆ ನಡೆಸಿದ. ಮುಂದೆ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಪ್ರಬಲ ಮಂತ್ರಿಯಾಗಿದ್ದ. 17ನೇ ಶತಮಾನದ ಬಿಜಾಪುರದ ವರ್ಣಚಿತ್ರವೊಂದರಲ್ಲಿ ಸುಲ್ತಾನ ಆನೆಯ ಮೇಲೆ ಕೂತಿದ್ದಾನೆ, ಹಿಂದೆ ಇಖ್ಲಾಸ್ ಖಾನ್ ಕೂತಿದ್ದಾನೆ. ಗೋಳಗುಮ್ಮಟ ನೋಡಲು ಹೋಗುವ ಸಾವಿರಾರು ಜನರಲ್ಲಿ ಈ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು?

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ರಾಜರು, ಚಿನ್ನ, ಕೋಟೆಗಳನ್ನು ಹೆಕ್ಕಿ ತೋರಿಸುವುದು ಹಳೆಯ ತಾತ್ಸಾರದ ಜಾಗದಲ್ಲಿ ಹೊಸ ಬಡಾಯಿಯನ್ನು ಕೂರಿಸಿದ ಹಾಗಲ್ಲವೇ ಎಂಬುದು ಆ ಪ್ರಶ್ನೆ. ಕೀರ್ತಿಯನ್ನಷ್ಟೇ ಹೇಳಿದರೆ ಖಂಡಿತ ಹಾಗೆಯೇ ಆಗುತ್ತದೆ. ಬೆನಿನ್‌ನ ಹಿತ್ತಾಳೆ ಎಲ್ಲಿಂದ ಬಂತು ಎಂಬುದನ್ನೂ ಹೇಳಲೇಬೇಕು. ಪೋರ್ಚುಗೀಸರು ಮನಿಲ್ಲಾ ಎಂಬ ಬಳೆಯಾಕಾರದ ಹಿತ್ತಾಳೆ ತುಂಡುಗಳನ್ನು ಹಣದ ರೂಪದಲ್ಲಿ ತಂದು ಮೆಣಸು, ದಂತ, ಮನುಷ್ಯರನ್ನು ಕೊಳ್ಳುತ್ತಿದ್ದರು. ಫಲಕಗಳಲ್ಲಿನ ಲೋಹ ಜರ್ಮನಿಯ ರೈನ್ ಸೀಮೆಯ ಮನಿಲ್ಲಾಗಳದೇ ಎಂದು 2023ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಆ ಅಪೂರ್ವ ಕಲೆಯೊಳಗೆ ಮಾರಾಟವಾದ ಮನುಷ್ಯರ ಬೆಲೆಯೂ ಕರಗಿದೆ. ಅಮೆರಿಕದಲ್ಲಿ ಗುಲಾಮರ ವಂಶಸ್ಥರ ಸಂಘಟನೆಯೊಂದು ಇದೇ ಕಾರಣ ಮುಂದಿಟ್ಟು, ಈ ವಸ್ತುಗಳಲ್ಲಿ ನಮಗೂ ಪಾಲಿದೆ ಎಂದು 2022ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅವರ ನೋವನ್ನು ಬದಿಗೆ ಸರಿಸಿ ಬೆನಿನ್‌ನ ವೈಭವ ಹಾಡುವುದು ಅನ್ಯಾಯ. ಆದರೆ ಗಮನಿಸಬೇಕಾದ್ದು ಇದು: ಈ ಕಹಿ ಸತ್ಯವನ್ನು ಹೊರಗೆಳೆದದ್ದೂ ವಸ್ತುವೇ. ಮಲಿಕ್ ಅಂಬರನ ಬದುಕು ಗುಲಾಮರ ವ್ಯಾಪಾರವನ್ನು ಚೆಂದಗಾಣಿಸುವುದಿಲ್ಲ. ಅವನಂತೆ ಮೇಲೆ ಬಂದ ಒಬ್ಬನ ಹಿಂದೆ ಹೆಸರೇ ಉಳಿಯದ ಎಷ್ಟು ಮಂದಿ ಇದ್ದರೆಂಬುದನ್ನು ನೆನಪಿಸುತ್ತದೆ. ಯಾವ ನಾಡಿನ ಚರಿತ್ರೆಯೂ ಹೆಮ್ಮೆ, ನಾಚಿಕೆ ಎರಡನ್ನೂ ಹೊತ್ತೇ ಇರುತ್ತದೆ. ಆಫ್ರಿಕಾಕ್ಕೆ ಬೇಕಾದದ್ದೂ ಅಂಥ ಪೂರ್ತಿ ಚರಿತ್ರೆಯೇ.

ವಸ್ತುಗಳು ಯುರೋಪಿನಲ್ಲಿದ್ದುದರಿಂದಲೇ ಉಳಿದವು ಎಂಬ ವಾದವೂ ಇದೆ. ಅದರಲ್ಲಿ ಕೊಂಚ ನಿಜವಿದ್ದರೂ ಪೂರ್ತಿ ನಿಜವಿಲ್ಲ. 2023ರಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ಉಗ್ರಾಣದಿಂದ ಸುಮಾರು 2,000 ವಸ್ತುಗಳು ಕಳವಾಗಿವೆ ಇಲ್ಲವೇ ಹಾಳಾಗಿವೆ ಎಂದು ಒಪ್ಪಿಕೊಂಡಿತು. ಇತ್ತ 2012ರಲ್ಲಿ ಉಗ್ರರು ಟಿಂಬಕ್ಟುವನ್ನು ಹಿಡಿದಾಗ, ಅಲ್ಲಿನ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಕಣ್ತಪ್ಪಿಸಿ ರಾಜಧಾನಿ ಬಮಾಕೊಗೆ ಸಾಗಿಸಿ ಕಾಪಾಡಿದವರು ಗ್ರಂಥಪಾಲಕ ಅಬ್ದೆಲ್ ಕಾದರ್ ಹೈದರಾ ಮತ್ತು ಅವರ ಊರಿನವರು. ಸಾವಿರಾರು ಪ್ರತಿಗಳು ಬೆಂಕಿಗೆ ಬಿದ್ದರೂ ಬಹುಪಾಲು ಉಳಿದವು. ವಸ್ತುಗಳು ಮರಳಿದೊಡನೆ ಎಲ್ಲ ಸರಿಹೋಗುವುದೂ ಇಲ್ಲ. ಜರ್ಮನಿ 2022ರಲ್ಲಿ ಸಾವಿರಕ್ಕೂ ಹೆಚ್ಚು ಬೆನಿನ್ ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಮರುವರ್ಷವೇ ನೈಜೀರಿಯಾ ಸರ್ಕಾರ, ಮರಳಿ ಬಂದವುಗಳ ಒಡೆತನ ಬೆನಿನ್‌ನ ಓಬಾ ಅರಸರದು ಎಂದು ಘೋಷಿಸಿತು. ಸಾರ್ವಜನಿಕ ಸಂಗ್ರಹಾಲಯದಲ್ಲಿರಬೇಕೋ ಅರಮನೆಯಲ್ಲೋ ಎಂಬ ಜಗಳ ಶುರುವಾಯಿತು. ಆ ಜಗಳ ಆಡುವ ಹಕ್ಕು ಅವರದೇ. ಕಥೆ ಬಲ್ಲವರ ನಡುವೆ ವಸ್ತು ಇದ್ದರೆ ಜಗಳವೂ ಅರ್ಥಪೂರ್ಣವಾಗಿ ನಡೆಯುತ್ತದೆ, ಹಾಗೂ ಬೆನಿನ್‌ನ ಇಗುನ್ ಬೀದಿಯ ಎರಕದವರ ಮಕ್ಕಳು ತಮ್ಮ ಪೂರ್ವಿಕರ ಕೆಲಸವನ್ನು ನೋಡಲು ವಿದೇಶದ ವೀಸಾಕ್ಕೆ ಅರ್ಜಿ ಹಾಕಬೇಕಾಗುವುದಿಲ್ಲ.

ನಮ್ಮ ಪಾಲಿಗೆ ಈ ಚರಿತ್ರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಷ್ಟು ಹತ್ತಿರದಲ್ಲಿದೆ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಅಲ್ಲಿನ ಸಿದ್ದಿಗಳಲ್ಲಿದೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಮೂಲೆಗೂ ತ್ರಿಕೋನದ ಹಲವು ಪದರದ ಹೂವಿನಂಥ ತುಂಡು ಸೇರಿಸದೆ ಬಿಡುವುದಿಲ್ಲ; ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಈ ಕೌದಿಗಳು ಈಗ ವಿದೇಶದ ಗ್ಯಾಲರಿಗಳಲ್ಲೂ ತೂಗುತ್ತಿವೆ. ಬೆನಿನ್‌ನ ಫಲಕಗಳಿಗೆ, ಜಿಂಬಾಬ್ವೆಯ ಹಕ್ಕಿಗಳಿಗೆ ಆದದ್ದು ಇವಕ್ಕೆ ಆಗಬಾರದು. ಹಬ್ಶಿಗಳ ಹೆಸರು ವಿಜಯಪುರದ ಸ್ಮಾರಕಗಳ ಮುಂದಿನ ಫಲಕಗಳಲ್ಲಿ ಬರಲಿ, ಸಿದ್ದಿ ಹಿರಿಯರ ಹಾಡು, ಡಮಾಮಿ ವಾದ್ಯದ ತಾಳ, ವಲಸೆಯ ನೆನಪುಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಆ ಜನರ ಮಕ್ಕಳ ಕೈಯಿಂದಲೇ ದಾಖಲು ಮಾಡಿಸಲಿ. ನೀವು ಯಲ್ಲಾಪುರದ ಕಡೆ ಹೋದಾಗ ಸಿದ್ದಿ ಕೌದಿಯೊಂದನ್ನು ಕೊಂಡರೆ, ಹೊಲಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಅದರ ತುಂಡುಗಳ ಬಗ್ಗೆ ಅವರು ಹೇಳುವುದನ್ನೂ ಬರೆದಿಟ್ಟುಕೊಳ್ಳಿ.